ಬಿಸಿ ಗೊತ್ತಾಗದ ಬೆರಳು

ಅವರ ಬಲಗೈಯ ಎರಡು ಬೆರಳಿಗೆ ಬಿಸಿ ಗೊತ್ತಾಗುತ್ತಿರಲಿಲ್ಲ. ಕುದಿಯುವ ಚಹಾದ ಗಾಜಿನ ಲೋಟ ಹಿಡಿದು ನಾವು ಊದಿ, ಕೈ ಬದಲಾಯಿಸಿ ಒದ್ದಾಡುತ್ತಿದ್ದರೆ ಅವರು ಆ ಎರಡು ಬೆರಳಲ್ಲಿ ಲೋಟದ ಹೊಟ್ಟೆಯನ್ನೇ ಹಿಡಿದು ಬೆಳಕಿಗೆ ಎತ್ತಿ ನೋಡುತ್ತಿದ್ದರು. ಚಹಾದಲ್ಲಿ ಏನು ಕಾಣುತ್ತಿತ್ತೋ. ಕೈಗೆ ಸಿಕ್ಕಿದ್ದನ್ನೆಲ್ಲ ಹಾಗೆ ನೋಡುವುದು ಅವರ ಅಭ್ಯಾಸ. ರಸ್ತೆ ಬದಿಯ ಜಲ್ಲಿ ರಾಶಿಯಿಂದ ಒಂದು ಚೂರು ಎತ್ತಿ, ನಾಲಿಗೆ ತುದಿಗೆ ತಾಕಿಸಿ, ಒದ್ದೆಯಾದ ಜಾಗವನ್ನು ಬಿಸಿಲಿಗೆ ಹಿಡಿದು ನಿಂತರೆ ಹಿಂದೆ ಲಾರಿ ಹಾರ್ನ್ ಹೊಡೆದರೂ ಅವರಿಗೆ ಕೇಳುತ್ತಿರಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನನ್ನಿಂದ ಆಗಿರುವುದೇ ಸಾಕು. ನಮ್ಮ ಕಡೆಯವರು ಕಲ್ಲು ಸಾಹೇಬ್ರು ಅನ್ನುತ್ತಿದ್ದರು. ನಾನು ಸಾರ್ ಅನ್ನುತ್ತಿದ್ದೆ.

ನನ್ನದು ಸಕಲೇಶಪುರದಿಂದ ಮಾರನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಲೇತ್ ವರ್ಕ್‌ಶಾಪ್. ಹುಟ್ಟಿದ್ದು ಆಲೂರು ತಾಲ್ಲೂಕಿನ ಮಗ್ಗೆ ಹತ್ತಿರ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಬ್ಬಿಣ ಹಿಡಿದವನು ಇವತ್ತಿಗೂ ಬಿಟ್ಟಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಸ್ಪ್ರೇ ಪಂಪು, ಜೀಪಿನ ಆಕ್ಸಲ್ಲು, ನೆರಳು ಮರದ ಕೊಂಬೆ ಸವರುವ ಕತ್ತಿ, ಏನೇ ಇರಲಿ, ಹೆತ್ತೂರು ಕಡೆಯ ಎಸ್ಟೇಟುಗಳಿಂದಲೂ ನನ್ನಲ್ಲಿಗೇ ಬರುತ್ತಿತ್ತು. ನನ್ನ ಶಾಪಿನಿಂದ ಹೋದ ಕೆಲಸ ಕೆಟ್ಟಿದೆ ಅಂತ ವಾಪಸ್ ಬಂದದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣ, ಅದಕ್ಕೆ ಹೇಳುತ್ತಿದ್ದೇನೆ.

ಮಂಗಳೂರಿಗೆ ಹೋಗುತ್ತಿದ್ದ ಮೀಟರ್ ಗೇಜ್ ರೈಲು ನಿಂತು, ಘಾಟಿಯ ಲೋಡೆಲ್ಲ ಲಾರಿಗಳ ಮೇಲೆ ಬಿದ್ದಿದ್ದ ಕಾಲ ಅದು. ಅವರ ಮಗಳು ನಮ್ಮೂರಿನ ಕಾಲೇಜಿಗೆ ಇತಿಹಾಸದ ಲೆಕ್ಚರರ್ ಆಗಿ ಬಂದಿದ್ದರು. ಸಾರ್ ಬಯಲುಸೀಮೆಯವರು. ಸರ್ಕಾರದ ಭೂವಿಜ್ಞಾನಿಯಾಗಿ ರಿಟೈರ್ ಆಗಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಬಂದರು. ಬಂದಿದ್ದು ಜನವರಿಯಲ್ಲಿ. ಆಕಾಶ ತೊಳೆದಿಟ್ಟ ಹಾಗಿತ್ತು. ಈ ಊರಿನ ಮಳೆ ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲ ಸಲ ಬಂದಿದ್ದು ಒಂದು ಸುತ್ತಿಗೆ ಹಿಡಿದುಕೊಂಡು. ಒಂದು ಕಡೆ ಚೌಕ, ಒಂದು ಕಡೆ ಕೊಕ್ಕು. ಕಾವು, ಅಂದರೆ ಮರದ ಹಿಡಿ, ಸಡಿಲವಾಗಿತ್ತು. ನಾನು ಹಳೇ ರೊಬಸ್ಟಾ ಕಾಫಿ ಗಿಡದ ಕಾಂಡ ಕೆತ್ತಿ ಹೊಸ ಕಾವು ಹಾಕಿಕೊಟ್ಟೆ. ಅವರು ಅದನ್ನು ಗಾಳಿಯಲ್ಲಿ ಎರಡು ಸಲ ಬೀಸಿ, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ಕೇಳಿದರು.

"ಇದನ್ನ ನಿಮಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ ಸಾರ್. ಕೆಲ್ಸಾನೇ ಕಲಿಸ್ತದೆ."

"ಹಾಗಾದ್ರೆ ನಾವಿಬ್ರೂ ಒಂದೇ ಸ್ಕೂಲು," ಅಂದು ಕೈ ಕೊಟ್ಟರು. ಆಫೀಸರ್ ಆಗಿದ್ದವರೊಬ್ಬರು ನನ್ನ ಮಸಿ ಕೈ ಕುಲುಕಿದ್ದು ಅದೇ ಮೊದಲು. ನಾನು ಕೈ ಒರೆಸಿಕೊಳ್ಳಲು ಹೋದರೆ, "ಬೇಡ, ನನ್ನ ಕೈಯೂ ಅಷ್ಟೇ," ಅಂದರು.

ಆಮೇಲೆ ದಿನಾ ಬೆಳಗ್ಗೆ ವಾಕಿಂಗ್ ಮುಗಿಸಿ ನಮ್ಮ ಬೆಂಚಿಗೆ ಬಂದು ಕೂರುವುದು ಶುರುವಾಯಿತು. ಕುಲುಮೆ ನೋಡಿಕೊಳ್ಳುತ್ತಿದ್ದ ಬಷೀರಣ್ಣ ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಸಾಹೇಬ್ರೆ, ಕಾಫಿ ಸೀಮೆಗೆ ಬಂದು ಚಾ ಕುಡೀತೀರಲ್ಲ, ಪ್ಲಾಂಟರ್‌ಗಳು ಕೇಳಿದ್ರೆ ಊರು ಬಿಡಿಸ್ತಾರೆ."

"ಊರು ಬಿಡಿಸಿದ್ರೆ ಹೋಗೋಕೆ ನಂಗೊಂದು ಜಾಗ ಇದೆ ಬಷೀರ್. ಅಲ್ಲಿ ಪ್ಲಾಂಟರೂ ಇಲ್ಲ, ಗಿಡಾನೂ ಇಲ್ಲ."

ಅದು ಅಂಟಾರ್ಟಿಕಾ. ಹಡಗಿನಲ್ಲಿ ಹೋಗಿ ಅಲ್ಲಿ ಒಂದು ಬೇಸಿಗೆ ಇದ್ದು ಬಂದವರು ಅವರು. ಬೇಸಿಗೆ ಅಂದರೂ ಸೂರ್ಯ ಮುಳುಗುವುದಿಲ್ಲ ಅನ್ನುವುದಷ್ಟೇ, ಚಳಿ ಚಳಿಯೇ. ಅಲ್ಲಿ ಕೆಲವು ಕಡೆ ಗಾಳಿ ಹಿಮವನ್ನೆಲ್ಲ ಗುಡಿಸಿ, ನೀಲಿ ಬಣ್ಣದ ಬರೀ ಮಂಜುಗಡ್ಡೆ ಮೈಲಿಗಟ್ಟಲೆ ಬಿದ್ದಿರುತ್ತದಂತೆ. ಅದರ ಮೇಲೆ ಒಂದು ಕಲ್ಲು ಕಂಡರೆ ಅದು ಎಲ್ಲಿಂದ ಬರಬೇಕು? ಕೆಳಗೆ ಮಂಜುಗಡ್ಡೆ, ಸುತ್ತ ಮಂಜುಗಡ್ಡೆ.

"ಮೇಲಿಂದಾನೇ ಬರ್ಬೇಕು," ಎಂದು ಅವರು ನಮ್ಮ ಶೀಟಿನ ಮಾಡಿನ ಕಡೆ ಬೆರಳು ತೋರಿಸಿದ್ದರು.

ಹಾಗೆ ಮೇಲಿಂದ ಬಿದ್ದ ಒಂದು ಕಲ್ಲು ಅವರಿಗೆ ಸಿಕ್ಕಿತ್ತು. ಕಪ್ಪಗೆ, ದೊಡ್ಡ ಚಕ್ಕೋತ ಹಣ್ಣಿನ ಗಾತ್ರ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ದೊಡ್ಡ ನಿಂಬೆಹಣ್ಣಿನಷ್ಟು ಮಾತ್ರ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು. ಇಕ್ಕಳದಲ್ಲಿ ಎತ್ತಿ ಚೀಲಕ್ಕೆ ಹಾಕಿದರು. ಚೀಲದ ಬಾಯಿ ಕಟ್ಟಲು ದಪ್ಪ ಗ್ಲೌಸಿನಲ್ಲಿ ಆಗಲಿಲ್ಲ. ಗ್ಲೌಸ್ ತೆಗೆದು ಗಂಟು ಹಾಕಿದರು. ಅಷ್ಟರಲ್ಲಿ ಎರಡು ಬೆರಳು ಹೋದವು. ಕೊಳೆಯಲಿಲ್ಲ, ಬಣ್ಣ ವಾಪಸ್ ಬಂತು, ಬಿಸಿ ತಂಪು ಗೊತ್ತಾಗುವುದು ಮಾತ್ರ ಬರಲಿಲ್ಲ.

"ಒಂದು ಕಲ್ಲಿಗೆ ಎರಡು ಬೆರಳು. ಪರವಾಗಿಲ್ಲ," ಅನ್ನುತ್ತಿದ್ದರು.

ಆದರೆ ಆ ಕಲ್ಲಿನ ವಿಷಯದಲ್ಲಿ ಪರವಾಗಿಲ್ಲ ಅನ್ನಿಸದ ಇನ್ನೊಂದು ಸಂಗತಿ ಅವರ ಒಳಗೆ ಇತ್ತು. ಅದನ್ನು ಹೇಳಲು ಅವರಿಗೆ ಎರಡು ತಿಂಗಳು ಬೇಕಾಯಿತು. ಒಂದು ದಿನ ಬರುವಾಗ ಎದುರಿನ ಪೆಟ್ಟಿಗೆ ಅಂಗಡಿಯಿಂದ ಒಂದು ಕಡ್ಲೆ ಮಿಠಾಯಿ ತಂದರು. ನಮ್ಮ ಮೋಟರಿನ ಕಟ್ಟೆಯಿಂದ ಒಡೆದು ಬಿದ್ದಿದ್ದ ಕಾಂಕ್ರೀಟಿನ ಚೂರೊಂದನ್ನು ಎತ್ತಿಕೊಂಡರು. ಎರಡನ್ನೂ ನನ್ನ ಮುಂದೆ ಇಟ್ಟರು.

"ಆಕಾಶದಿಂದ ಬೀಳೋದ್ರಲ್ಲಿ ಬರೀ ಕಲ್ಲು ಇರುತ್ತೆ, ಬರೀ ಕಬ್ಬಿಣ ಇರುತ್ತೆ. ಅರ್ಧ ಕಲ್ಲು ಅರ್ಧ ಕಬ್ಬಿಣ ಇರೋದು ಬಹಳ ಕಡಿಮೆ. ಅದ್ರಲ್ಲೂ ಎರಡು ಜಾತಿ. ಒಂದು ಈ ಮಿಠಾಯಿ ಥರ. ಬೆಲ್ಲದ ಪಾಕದಲ್ಲಿ ಕಡ್ಲೆಬೀಜ ಕೂತ ಹಾಗೆ ಕಬ್ಬಿಣದೊಳಗೆ ಹಳದಿ ಹಸಿರು ಹರಳು ಕೂತಿರುತ್ತೆ. ಇನ್ನೊಂದು ಈ ಕಾಂಕ್ರೀಟ್ ಥರ. ಎಲ್ಲೋ ಎರಡು ಲೋಕ ಡಿಕ್ಕಿ ಹೊಡೆದು, ಪುಡಿಯಾದ ಕಲ್ಲೂ ಕಬ್ಬಿಣಾನೂ ಕಲಸಿಕೊಂಡಿರೋದು."

ಒಂದಕ್ಕೆ ಪಲ್ಲಸೈಟ್, ಇನ್ನೊಂದಕ್ಕೆ ಮೀಸೋಸಿಡರೈಟ್ ಅಂತ ಹೆಸರು. ನನ್ನ ಬಾಯಿಗೆ ಎರಡೂ ಹೊರಳಲಿಲ್ಲ. ನಮ್ಮ ಶಾಪಿನಲ್ಲಿ ಮಿಠಾಯಿ, ಕಾಂಕ್ರೀಟು ಎಂದೇ ಇಟ್ಟುಕೊಂಡೆವು.

"ನಿಮ್ದು ಯಾವ್ದು ಸಾರ್?"

"ನಾನು ಮಿಠಾಯಿ ಅಂತ ಬರೆದೆ. ತಪ್ಪು ಬರೆದೆ ಅನ್ಸುತ್ತೆ."

ಆಗ ಅವರಿಗೆ ಅವಸರವಿತ್ತು. ಕಲ್ಲಿನ ಒಂದು ಮೂಲೆಯಲ್ಲಿ ಹಳದಿ ಹಸಿರು ಹರಳು ಕಂಡ ಕೂಡಲೇ ವರ್ಗ ಬರೆದು ಸಹಿ ಹಾಕಿಬಿಟ್ಟರು. ಆಮೇಲೆ ಅರ್ಧ ಕಲ್ಲನ್ನು ಪರೀಕ್ಷೆಗೆ ಅಂತ ಪುಡಿ ಮಾಡಿದರು. ಆ ಪುಡಿಯಲ್ಲಿ ಸಿಕ್ಕಿದ್ದು ಮಿಠಾಯಿಗೆ ಹೊಂದಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅವರಿಗೆ ಟ್ರಾನ್ಸ್‌ಫರ್ ಆಗಿ ಬೇರೆ ಊರು, ಬೇರೆ ಕೆಲಸ. ಇಲಾಖೆಯ ರಿಜಿಸ್ಟರಿನಲ್ಲಿ ಅವರ ಸಹಿಯ ಮೇಲೆ ಆ ತಪ್ಪು ಹಾಗೇ ಕೂತಿತು. ರಿಟೈರ್ ಆದ ಮೇಲೆ ಅವರಿವರ ಕಾಲು ಹಿಡಿದು, ಉಳಿದ ಅರ್ಧ ಕಲ್ಲನ್ನು ಇಲಾಖೆಯಿಂದ ಒಂದು ವರ್ಷದ ಮಟ್ಟಿಗೆ ಬರವಣಿಗೆಯಲ್ಲಿ ಪಡೆದುಕೊಂಡು ಬಂದಿದ್ದರು. ವರ್ಷದೊಳಗೆ ಕಲ್ಲೂ ಹೊಸ ವರದಿಯೂ ವಾಪಸ್ ಹೋಗಬೇಕು. ಜಗತ್ತಿನಲ್ಲಿ ಆ ಕಲ್ಲು ಉಳಿದಿದ್ದೇ ಅಷ್ಟು.

"ಯಾರಾದ್ರೂ ಕೇಳಿದ್ರಾ ಸಾರ್, ತಪ್ಪು ಅಂತ?" ಅಂದೆ.

"ಯಾರೂ ಕೇಳಿಲ್ಲ. ತೆಗೆದು ನೋಡಿದೋರೇ ಇಲ್ಲ. ಅದಕ್ಕೇ ನಾನೇ ಹೇಳ್ಬೇಕು."

ಈ ಮಾತನ್ನು ನಾನು ಆವತ್ತು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಕಲ್ಲನ್ನು ಕೊಯ್ದು ಮುಖ ನೋಡಬೇಕಿತ್ತು. ದೊಡ್ಡ ಊರಿನ ಲ್ಯಾಬಿಗೆ ಕಳಿಸಬಹುದಿತ್ತು, ಅಲ್ಲಿ ಅವಸರ ಮಾಡುತ್ತಾರೆ ಅಂತ ಅವರಿಗೆ ಭಯ. ಅದಕ್ಕೆ ನನ್ನಲ್ಲಿಗೆ ತಂದರು. ಬಟ್ಟೆ ಬಿಚ್ಚಿದಾಗ ಬಷೀರಣ್ಣ ಇಣುಕಿ ನೋಡಿದರು.

"ಇಷ್ಟೇನಾ! ಅಲ್ಲಾ ಸಾಹೇಬ್ರೆ, ಆಕಾಶದಲ್ಲಿ ಕೆಟ್ಟಿದ್ದಕ್ಕೂ ನಮ್ಮ ಶಾಪಿಗೇ ಬರ್ಬೇಕಾ? ಅಲ್ಲೊಂದು ಗ್ಯಾರೇಜ್ ಇಲ್ವಾ?"

ಸಾರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ನನಗೆ ಒಂದೊಂದೇ ಹೇಳಿದರು. ನೀರು ಮುಟ್ಟಿಸಬಾರದು. ಮೋಟರಿನ ಗರಗಸ ಬೇಡ, ಬಿಸಿಯಾಗುತ್ತದೆ. ವಜ್ರದ ಪುಡಿ ಕೂರಿಸಿದ ತೆಳು ಬ್ಲೇಡು ಅವರೇ ತಂದಿದ್ದರು. ಅದನ್ನು ಹ್ಯಾಕ್ಸಾ ಫ್ರೇಮಿಗೆ ಹಾಕಿ, ಸ್ಪಿರಿಟ್ ತೊಟ್ಟು ತೊಟ್ಟಾಗಿ ಬಿಡುತ್ತಾ ಕೈಯಲ್ಲೇ ಕೊಯ್ಯಬೇಕು.

"ಕಲ್ಲು ಬೆಚ್ಚಗಾಗ್ತಿದೆ ಅನ್ನಿಸಿದ್ರೆ ನಿಲ್ಲಿಸಿ. ನನ್ನ ಬೆರಳಿಗೆ ಗೊತ್ತಾಗಲ್ಲ. ಈ ಕಲ್ಲಿನ ಮಟ್ಟಿಗೆ ನಿಮ್ಮ ಬೆರಳೇ ನನ್ನ ಬೆರಳು."

ಎರಡೂವರೆ ದಿನ ಕೊಯ್ದೆ. ಬೇರೆ ಕೆಲಸ ಮುಟ್ಟಲಿಲ್ಲ. ಅವರು ಬೆಂಚಿನ ಮೇಲೆ ಕೂತು ಉಸಿರೂ ಬಿಡದ ಹಾಗೆ ನೋಡುತ್ತಿದ್ದರು. ಶನಿವಾರ ಮಧ್ಯಾಹ್ನ ಕಲ್ಲು ಎರಡು ಹೋಳಾಯಿತು. ಒಂದು ಹೋಳು ನೋಡುವುದಕ್ಕೆ, ಇನ್ನೊಂದು ಹಾಗೇ ವಾಪಸ್ ಕಳಿಸುವುದಕ್ಕೆ. ಕೊಯ್ದ ಮುಖದಲ್ಲಿ ಒಂದು ಕಡೆ ಮಿಠಾಯಿ ಇತ್ತು, ಒಂದು ಕಡೆ ಕಾಂಕ್ರೀಟು ಇತ್ತು. ನಡುವೆ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

"ಇನ್ನು ತೀರ್ಪು ಈ ಕಬ್ಬಿಣದ್ದು," ಅಂದರು. ಮುಖಕ್ಕೆ ಹೊಳಪು ಕೊಟ್ಟು, ಸ್ಪಿರಿಟಿನಲ್ಲಿ ಬೆರೆಸಿದ ಆಸಿಡ್ ಹಚ್ಚಿದರೆ ಕಬ್ಬಿಣದೊಳಗೆ ಗೆರೆಗಳು ಏಳುತ್ತವಂತೆ. ಆ ಕಬ್ಬಿಣ ಎಷ್ಟು ನಿಧಾನವಾಗಿ ಆರಿತು ಅನ್ನುವುದು ಆ ಗೆರೆಯಲ್ಲಿ ಬರೆದಿರುತ್ತದಂತೆ. ಲಕ್ಷಾಂತರ ವರ್ಷಕ್ಕೆ ಒಂದೊಂದು ಡಿಗ್ರಿ. ಮಿಠಾಯಿಯ ಗೆರೆಗೂ ಕಾಂಕ್ರೀಟಿನ ಗೆರೆಗೂ ವ್ಯತ್ಯಾಸ ಇದೆ. ಸೋಮವಾರ ಅಕ್ಕಸಾಲಿಗರ ಅಂಗಡಿಯಿಂದ ಆಸಿಡ್ ತರುವುದು ಅಂತಾಯಿತು. ಕಲ್ಲು ನನ್ನ ಹತ್ತಿರವೇ ಇರಲಿ, ಹೊಳಪು ಕೊಡುವುದು ನನ್ನ ಕೆಲಸ.

ಭಾನುವಾರ ಅವರಿಗೆ ಎದೆ ನೋವು ಬಂತು. ಮಗಳು ಬಾಡಿಗೆ ಕಾರಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆಸ್ಪತ್ರೆ, ಆಮೇಲೆ ಬಯಲುಸೀಮೆಯ ತಂಗಿಯ ಮನೆಯಲ್ಲಿ ವಿಶ್ರಾಂತಿ. ಎರಡು ತಿಂಗಳು ಅವರು ಈ ಕಡೆ ಬರಲಿಲ್ಲ.

ಮಳೆ ಬಂತು.

ನಮ್ಮಲ್ಲಿ ಮಳೆಗಾಲದಲ್ಲಿ ಕಬ್ಬಿಣ ಬೆವರುತ್ತದೆ. ಸಂಜೆ ಒರೆಸಿಟ್ಟ ಕತ್ತಿ ಬೆಳಗ್ಗೆ ಕೆಂಪಗಿರುತ್ತದೆ. ಹದಿನೈದು ದಿನಕ್ಕೆ ಆ ಕಲ್ಲೂ ಬೆವರಿತು. ಬರೀ ತೇವವಲ್ಲ, ಕಂದು ಬಣ್ಣದ ಹನಿಗಳು ಒಳಗಿಂದ ಹುಟ್ಟಿ ಮುಖದ ಮೇಲೆ ನಿಲ್ಲುತ್ತಿದ್ದವು. ಒರೆಸಿದೆ. ಮತ್ತೆ ಬಂತು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅಕ್ಕಿ ಕೆಂಪಾಯಿತು. ಹರಳಿನ ಪಕ್ಕ ಒಂದು ಬಿರುಕು ಕೂದಲೆಳೆಯಷ್ಟು ಬಿಟ್ಟಿತು. ಸಾವಿರಾರು ವರ್ಷ ಮಂಜುಗಡ್ಡೆಯಲ್ಲಿ ಏನೂ ಆಗದೆ ಬಿದ್ದಿದ್ದ ಕಲ್ಲು ನನ್ನ ಶೆಲ್ಫಿನ ಮೇಲೆ ಕರಗುತ್ತಿದೆಯಲ್ಲ ಅಂತ ನನಗೆ ಊಟ ಸೇರಲಿಲ್ಲ. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಕೇಳಬಹುದಿತ್ತು. ಹಾಸಿಗೆ ಹಿಡಿದವರಿಗೆ ಯಾಕೆ ಹೇಳುವುದು ಅಂದುಕೊಂಡೆ. ಸುಳ್ಳು ಯಾಕೆ, ನನ್ನ ಕೈಯಲ್ಲಿ ಕೆಡುತ್ತಿದೆ ಅಂತ ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ.

ನಮ್ಮ ಕಸುಬಿನಲ್ಲಿ ಇದಕ್ಕೆ ಒಂದು ದಾರಿ ಇದೆ. ಒಳ್ಳೆಯ ಗಿರಾಕಿಯ ಕತ್ತಿಯನ್ನು ಮಳೆಗಾಲಕ್ಕೆ ಮೊದಲು ಕುಲುಮೆಯಲ್ಲಿ ಮಂಕು ಕೆಂಪಿಗೆ ಕಾಯಿಸಿ, ತುಕ್ಕು ಉದುರಿಸಿ, ಬಿಸಿ ಇರುವಾಗಲೇ ಎಣ್ಣೆ ಕುಡಿಸುತ್ತೇವೆ. ಕಬ್ಬಿಣ ಕಪ್ಪಗಾಗುತ್ತದೆ, ಮಳೆಗಾಲ ಪೂರ್ತಿ ಬೆವರುವುದಿಲ್ಲ. ಎಲ್ಲರಿಗೂ ಮಾಡುವುದಿಲ್ಲ, ಬೇಕಾದವರಿಗೆ ಮಾತ್ರ. ಬಿಸಿ ಮಾಡಬೇಡಿ ಅಂತ ಅವರು ಅಂದಿದ್ದು ಕೊಯ್ಯುವಾಗಿನ ಮಾತು, ಸೀಳಿ ಹೋಗುತ್ತದೆ ಅಂತ ಹೇಳಿದ್ದು, ಹೀಗೆಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಕಬ್ಬಿಣದ ವಿಷಯ ನನಗೆ ಗೊತ್ತಿಲ್ಲವೇ?

ಒಂದು ಮಧ್ಯಾಹ್ನ ಕರೆಂಟ್ ಇರಲಿಲ್ಲ. ಎರಡೂ ಹೋಳನ್ನು ಇದ್ದಿಲಿನ ಮೇಲಿಟ್ಟೆ.

"ಸಾಹೇಬ್ರನ್ನ ಒಂದು ಮಾತು ಕೇಳ್ಬುಟ್ಟು ಮಾಡಬಾರ್ದಾ ಮೇಸ್ತ್ರಿ?" ಅಂದರು ಬಷೀರಣ್ಣ.

"ಗಾಳಿ ಹಾಕಿ ಬಷೀರಣ್ಣ. ನನಗೆ ಗೊತ್ತೈತೆ."

ಅವರು ಗಾಳಿ ಹಾಕಿದರು. ಕಲ್ಲು ಬಿರಿಯಬಾರದು ಅಂತ ನಿಧಾನಕ್ಕೆ ಕಾಯಿಸಿದೆ, ಬೂದಿಯಲ್ಲಿ ಹೂತು ನಿಧಾನಕ್ಕೆ ಆರಿಸಿದೆ. ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಎಣ್ಣೆ ತಿಕ್ಕಿದೆ. ಆಮೇಲೆ ಕೊಯ್ದ ಮುಖವನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಉಜ್ಜಿ, ಕನ್ನಡಿ ಮಾಡಿದೆ. ಅಷ್ಟು ಚೆಂದದ ಕೆಲಸ ನಾನು ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಮಾಡಿಲ್ಲ. ಬೆವರು ನಿಂತಿತು.

ಅವರು ಬಂದಾಗ ಆಗಸ್ಟ್. ಶರ್ಟು ಮೈಮೇಲೆ ನೇತುಹಾಕಿದ ಹಾಗಿತ್ತು. ಬಟ್ಟೆ ಬಿಚ್ಚಿ ಕಲ್ಲು ಕೊಟ್ಟೆ. ಅದರಲ್ಲಿ ತಮ್ಮ ಮುಖ ನೋಡಿಕೊಂಡರು.

"ತುಕ್ಕೇ ಇಲ್ವಲ್ಲ! ದಾರಿಯುದ್ದಕ್ಕೂ ಈ ಮಳೆ ನೋಡಿ, ಕಲ್ಲು ಹೋಯ್ತು ಅಂತಾನೇ ಅಂದುಕೊಂಡು ಬಂದೆ."

"ನಾನು ನೋಡ್ಕೊಂಡೆ ಸಾರ್."

ಆವತ್ತು ಹೆತ್ತೂರು ಕಡೆಯ ಎಸ್ಟೇಟೊಂದರ ಲೆಕ್ಕ ಬರೆಯುವ ರೈಟರ್ ಶಾಪಿನಲ್ಲಿದ್ದರು. "ನಮ್ಮ ಮೇಸ್ತ್ರಿ ಕೈಗೆ ಕೊಟ್ಟದ್ದು ಕೆಡ್ತದಾ ಸಾರ್? ಬ್ರಿಟಿಷರ ಕಾಲದ ಪಲ್ಪರ್ ಇವತ್ತಿಗೂ ಓಡಿಸ್ತಾನೆ," ಅಂದರು. ನಾನು ಬೇಡ ಅನ್ನಲಿಲ್ಲ.

ಪಿಂಗಾಣಿ ತಟ್ಟೆಯಲ್ಲಿ ಆಸಿಡ್ ಬೆರೆಸಿ, ಹತ್ತಿಯಲ್ಲಿ ಕಲ್ಲಿನ ಮುಖಕ್ಕೆ ಹಚ್ಚಿದರು. ಒಂದೆರಡು ನಿಮಿಷದಲ್ಲಿ ಗೆರೆ ಏಳಬೇಕು ಅಂದಿದ್ದರು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಕಬ್ಬಿಣ ಮಂಕಾಯಿತು. ಮಸುಕು ಮಸುಕಾಗಿ ಏನೋ ಕಂಡಿತು, ಒದ್ದೆ ಸ್ಲೇಟಿನ ಮೇಲೆ ಒರೆಸಿದ ಅಕ್ಷರದ ಹಾಗೆ. ಅವರು ಭೂತಗನ್ನಡಿ ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇನ್ನೊಂದು ಹೋಳನ್ನೂ ನೋಡಿದರು. ಬೆಳಕಿಗೆ ಹಿಡಿದರು. ಆಮೇಲೆ ತಲೆ ಎತ್ತಿ ಮೆಲ್ಲಗೆ ಕೇಳಿದರು.

"ಇದಕ್ಕೆ ಎಲ್ಲಾದ್ರೂ ಬೆಂಕಿ ತಾಕಿತ್ತಾ?"

ಬೈಯುವ ದನಿಯಲ್ಲ. ಸುಮ್ಮನೆ ತಿಳಿದುಕೊಳ್ಳುವ ದನಿ. ಹೌದು ಅಂದಿದ್ದರೆ ಅವರು ಏನನ್ನುತ್ತಿದ್ದರು ಅಂತ ಈಗ ನನಗೆ ಗೊತ್ತು. ತಮ್ಮದೇ ತಪ್ಪು ಹೇಳಿಕೊಳ್ಳಲು ಅಷ್ಟು ದೂರದಿಂದ ಕಲ್ಲು ಹೊತ್ತು ತಂದವರು ಅವರು. ಆದರೆ ರೈಟರ್ ನನ್ನ ಮುಖ ನೋಡುತ್ತಿದ್ದರು. ಬಷೀರಣ್ಣ ಕುಲುಮೆ ಕಡೆ ತಿರುಗಿಕೊಂಡರು.

"ಇಲ್ಲ ಸಾರ್," ಅಂದೆ. "ನನ್ನ ಕೈ ಬಿಸಿ ಬಿಟ್ರೆ ಬೇರೆ ಬಿಸಿ ಅದಕ್ಕೆ ತಾಕಿಲ್ಲ."

ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳಿದೆ.

ಅವರು ಮತ್ತೆ ಕಲ್ಲು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಬದಲಾಯಿತು. ಬೇಸರ ಹೋಗಿ ಬೇರೆ ಏನೋ ಬಂತು. "ಹಾಗಾದ್ರೆ... ಹಾಗಾದ್ರೆ ಮೇಲೇ ಕಾದಿರ್ಬೇಕು," ಅಂದರು. "ಒಂದ್ಸಲ ಆರಿದ ಮೇಲೆ ಮತ್ತೆ ಡಿಕ್ಕಿ ಆಗಿ ಮತ್ತೆ ಕಾದಿದೆ. ಅದಕ್ಕೇ ಗೆರೆ ಅಳಿಸಿದೆ. ಎರಡು ಸಲ ಸುಟ್ಟ ಕಲ್ಲು ಇದು, ಕಾಂಕ್ರೀಟೇ!" ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಆ ಎರಡು ಬೆರಳಿಗೂ ಬಲವಿತ್ತು.

ಅವರು ಹೋದ ಮೇಲೆ ಬಷೀರಣ್ಣ ಇದ್ದಿಲು ಕೆದಕುತ್ತಾ ಹೇಳಿದರು, "ಹೇಳ್ಬುಡು ಮಾರಾಯ. ಇವತ್ತೇ ಹೇಳ್ಬುಡು. ನಾಳೆ ಆದ್ರೆ ದೊಡ್ಡದಾಗ್ತದೆ."

"ಆಯ್ತು, ಹೇಳ್ತೀನಿ."

"ನಿನ್ನ ಬಾಯಲ್ಲಿ ಬರಕ್ಕಿಲ್ಲ ಅಂದ್ರೆ ನಾನು ಹೇಳ್ಲಾ?"

"ನನ್ನ ಶಾಪು ಬಷೀರಣ್ಣ. ನಾನು ಹೇಳ್ತೀನಿ."

ಹೇಳಲಿಲ್ಲ. ದಿನಾ ಬರುತ್ತಿದ್ದರು, ದಿನಾ ಖುಷಿಯಲ್ಲಿರುತ್ತಿದ್ದರು. ವರದಿ ಟೈಪು ಮಾಡುತ್ತಿದ್ದೇನೆ, ಈಗ ಎಷ್ಟನೇ ಪುಟದಲ್ಲಿದ್ದೇನೆ ಅನ್ನುತ್ತಿದ್ದರು. ಕಾಂಕ್ರೀಟು ಜಾತಿ, ಎರಡು ಸಲ ಕಾದದ್ದು, ಹಿಂದಿನ ವರ್ಗೀಕರಣ ನನ್ನದೇ ತಪ್ಪು ಎಂದು ಬರೆದೆ ಅಂದರು. ಅವರ ಕೆನ್ನೆಗೆ ಮಾಂಸ ಬಂದಿತ್ತು. ನಾಳೆ ಹೇಳೋಣ, ವರದಿ ಕಳಿಸುವ ಮೊದಲು ಹೇಳೋಣ ಅಂದುಕೊಂಡೆ. ಒಂದು ದಿನ ಬಂದು, "ವರದಿ, ಕಲ್ಲು ಎರಡನ್ನೂ ಇವತ್ತು ರಿಜಿಸ್ಟರ್ ಪೋಸ್ಟ್ ಮಾಡಿದೆ. ಕೈ ಹಗುರಾಯ್ತು," ಅಂದರು. ಚಹಾ ತರಿಸಿದರು. ಬಷೀರಣ್ಣ ಆವತ್ತು ಚಹಾ ಮುಟ್ಟಲಿಲ್ಲ.

ಇಲಾಖೆಯಿಂದ ಉತ್ತರ ಬರಲು ಬೇಸಿಗೆಯಾಯಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಬೆಂಚಿನ ಮೇಲೆ ಕೂತರು. ಲೋಟ ಬೆಳಕಿಗೆ ಹಿಡಿಯಲಿಲ್ಲ.

"ಕಲ್ಲು ಕಾದಿರೋದು ಮೇಲಲ್ಲ, ಈಚೆಗೆ, ಮನುಷ್ಯರ ಬೆಂಕಿಯಲ್ಲಿ ಅಂತ ಬರೆದಿದ್ದಾರೆ. ಬಿರುಕಿನೊಳಗಿನ ತುಕ್ಕೂ ಕಾದಿದೆಯಂತೆ. ಆ ತುಕ್ಕು ಭೂಮಿಗೆ ಬಿದ್ದ ಮೇಲಿನದು, ಮಳೆಗಾಲದ್ದು. ಅದರ ಮೇಲೆ ಎಣ್ಣೆ ಕರಕಲಿನ ಗುರುತೂ ಇದೆಯಂತೆ."

ನಾನು ಲೇತ್‌ಗೆ ಕಟ್ಟಿದ್ದ ಕೆಲಸ ನಿಲ್ಲಿಸಲಿಲ್ಲ. ಕಣ್ಣು ಎತ್ತಲಿಲ್ಲ.

"ನಾನು ಒಪ್ಪೋದಿಲ್ಲ ಅಂತ ಬರೆದಿದ್ದೀನಿ," ಅಂದರು. "ನನ್ನ ಕೆಲಸಗಾರನ್ನ ನಾನೇ ಕೇಳಿದ್ದೀನಿ. ಅವರು ಇಲ್ಲ ಅಂದಿದ್ದಾರೆ. ಅವರ ಮಾತಿಗಿಂತ ನಿಮ್ಮ ಯಂತ್ರದ ಮಾತು ಹೆಚ್ಚಲ್ಲ ಅಂತ ಬರೆದಿದ್ದೀನಿ."

ಇನ್ನೊಂದು ಸಲ ಕೇಳಿದ್ದರೆ ಹೇಳುತ್ತಿದ್ದೆನೇನೋ. ಅವರು ಕೇಳಲಿಲ್ಲ. ಒಮ್ಮೆ ಕೇಳಿ ಉತ್ತರ ಸಿಕ್ಕಿದ ಮೇಲೆ ಮತ್ತೆ ಕೇಳುವುದು ಅವಮಾನ ಅಂತ ತಿಳಿದಿದ್ದರು. ಎದ್ದು ಹೋಗುವಾಗ ಜಲ್ಲಿ ರಾಶಿಯ ಪಕ್ಕದಲ್ಲೇ ಹೋದರೂ ಬಗ್ಗಲಿಲ್ಲ.

ಎರಡನೆಯ ಉತ್ತರ ಚಿಕ್ಕದಿತ್ತಂತೆ. ಕಲ್ಲಿನ ವರ್ಗ ಅನಿಶ್ಚಿತ ಎಂದು ನಮೂದಿಸಿದೆ, ಎರಡೂ ವರದಿಗಳನ್ನು ಪರಿಗಣಿಸುವುದಿಲ್ಲ, ಇನ್ನು ಮುಂದೆ ಇವರಿಗೆ ಯಾವ ಮಾದರಿಯನ್ನೂ ಕೊಡುವಂತಿಲ್ಲ. ಇದನ್ನು ಅವರು ನನಗೆ ಹೇಳಲಿಲ್ಲ, ಆಮೇಲೆ ಮಗಳಿಂದ ತಿಳಿದದ್ದು. ಅವರು ಬೆಂಚಿಗೆ ಬರುವುದೇ ನಿಂತಿತ್ತು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ನಾನು ಹೋಗಿ ನೋಡಿದೆ. ಕಾಲು ಮುಟ್ಟಿದೆ. ಅದು ತಣ್ಣಗಿತ್ತು ಅನ್ನುವುದು ಬಿಟ್ಟರೆ ಏನೂ ನೆನಪಿಲ್ಲ.

ಮಾರನೆಯ ವರ್ಷ ಮಗಳಿಗೆ ವರ್ಗವಾಯಿತು. ಮನೆ ಖಾಲಿ ಮಾಡುವಾಗ ಅಪ್ಪನ ಟ್ರಂಕಿನ ಬೀಗ ತುಕ್ಕು ಹಿಡಿದು ತೆಗೆಯಲು ಬಾರದೆ ಆಟೋದಲ್ಲಿ ಹಾಕಿಕೊಂಡು ಶಾಪಿಗೆ ತಂದರು. ಬೀಗ ಕೊಯ್ದು ಕೊಟ್ಟೆ. ಒಳಗೆ ನಾನು ಕಾವು ಹಾಕಿದ ಸುತ್ತಿಗೆ, ಕೆಳಗೆ ವರದಿ, ಪತ್ರಗಳ ಕಾರ್ಬನ್ ಪ್ರತಿಗಳು. ಮಗಳು ಅವನ್ನು ತಿರುವುತ್ತಾ ಇದ್ದಾಗ ನನ್ನ ಬಾಯಿ ತಾನಾಗಿ ಬಿಟ್ಟುಕೊಂಡಿತು. ಎಲ್ಲ ಹೇಳಿದೆ. ಬಷೀರಣ್ಣ ಕೆಲಸ ಬಿಟ್ಟು ಹೊರಗೆ ಹೋದರು.

ಮಗಳು ಅಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಟ್ರಂಕಿನ ಮೇಲಿಟ್ಟು, "ಅಪ್ಪಂಗೆ ಇದು ಗೊತ್ತಿತ್ತಾ?" ಅಂದರು.

"ಇಲ್ಲಮ್ಮ."

"ಗೊತ್ತಾಗಿದ್ರೆ ಚೆನ್ನಾಗಿತ್ತು. ಕೊನೇಲಿ ದಿನಾ ಅದೇ ಮಾತು. ನಾನೇ ಎಲ್ಲೋ ಕಲ್ಲನ್ನ ಒಲೆ ಮೇಲೆ ಇಟ್ಟಿರ್ಬೇಕು, ಬಿಸಿ ಪಾತ್ರೆ ಪಕ್ಕ ಇಟ್ಟಿರ್ಬೇಕು, ನನ್ನ ಬೆರಳಿಗೆ ಗೊತ್ತಾಗಿಲ್ಲ ಅಂತ. ಒಂದಿನ ಅಡುಗೆಮನೇಲಿ ಕಾದ ಕಾವಲಿ ಮೇಲೆ ಬೆರಳಿಟ್ಟುಕೊಂಡು ನಿಂತಿದ್ರು, ಎಷ್ಟು ಹೊತ್ತಿಗೆ ಗೊತ್ತಾಗುತ್ತೆ ನೋಡ್ತೀನಿ ಅಂ‌ತ. ಚರ್ಮ ಸುಟ್ಟ ವಾಸನೆ ಬಂದು ನಾನು ಎಳೆದೆ."

ಮಗಳೇ ಇಲಾಖೆಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು, ಬೆಂಕಿಗೆ ಇಟ್ಟವನು ನಾನು ಅಂತ. ನಾನು ಸಹಿ ಹಾಕಿದೆ. ಆ ಕಡತ ಮುಗಿದಿದೆ, ಮತ್ತೆ ತೆರೆಯಲು ಅವಕಾಶವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ತೆರೆದರೂ ಏನು ನೋಡುತ್ತಾರೆ? ಗೆರೆ ಇದ್ದದ್ದು ನಾನು ಕಾಯಿಸಿದ ಆ ಕಲ್ಲಿನಲ್ಲಿ ಮಾತ್ರ. ಅದು ಮಿಠಾಯಿಯೋ ಕಾಂಕ್ರೀಟೋ ಇನ್ನು ಯಾರಿಗೂ ಗೊತ್ತಾಗುವುದಿಲ್ಲ.

ಆವತ್ತು ಟ್ರಂಕ್ ತೆಗೆದುಕೊಂಡು ಹೋಗುವಾಗ ಮಗಳು ವರದಿಯ ಒಂದು ಪ್ರತಿಯ ಕೊನೆಯ ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ, ಅವರೇ ಓದಿ ಹೇಳಿದ್ದರು. "ಈ ಕಲ್ಲು ನನಗೆ ಒಪ್ಪಿಸಿದ ಮೇಲೆ ಬೆಂಕಿ ಕಂಡಿಲ್ಲ. ನನ್ನ ಬೆರಳುಗಳಿಗೆ ಬಿಸಿ ತಿಳಿಯುವುದಿಲ್ಲವಾದ್ದರಿಂದ ಈ ಮಾತಿಗೆ ಸಾಕ್ಷಿ, ಇದನ್ನು ಕೊಯ್ದು ಹೊಳಪು ಕೊಟ್ಟ ಕುಶಲಕರ್ಮಿ." ಅದರ ಕೆಳಗೆ ಒಂದು ಸಾಲು ಬಿಟ್ಟು ನನ್ನ ಹೆಸರು, ನಮ್ಮಪ್ಪನ ಹೆಸರು, ಮಗ್ಗೆ ಅಂತ ಊರು. ಟೈಪಿನ ಅಕ್ಷರದಲ್ಲಿ ನನ್ನ ಹೆಸರನ್ನು ಯಾರಾದರೂ ಬರೆದದ್ದು ಅದೊಂದೇ ಸಲ. ಒಂದು ಅಕ್ಷರವೂ ತಪ್ಪಿಲ್ಲ ಎಂದು ಮಗಳು ಹೇಳಿದರು.